ಸಂಪಾದಕರ ಉತ್ತರ: ಸಾರಾ ಕಿಡ್ ವಾಪಸ್ ಕೇಳಿದ ಬೆಳ್ಳಿ ಚಮಚಗಳು

ಹೊನ್ನಾವರದ ಓದುಗರೊಬ್ಬರು ಹೀಗೆ ಬರೆದಿದ್ದಾರೆ:

"ಕಳೆದ ಸಂಚಿಕೆಯಲ್ಲಿ ಕಾರವಾರಕ್ಕೆ ಬಂದುಹೋದ ಕಡಲ್ಗಳ್ಳ ಕ್ಯಾಪ್ಟನ್ ಕಿಡ್ ಬಗ್ಗೆ ಲೇಖನ ಓದಿದೆ. 'ನ್ಯೂಯಾರ್ಕಿನಲ್ಲಿ ಅವನಿಗೆ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಇದ್ದರು' ಅಂತ ಅದರಲ್ಲಿ ಒಂದೇ ಒಂದು ಸಾಲು ಇದೆ. ನನ್ನ ಮನಸ್ಸು ಆ ಸಾಲಿನಲ್ಲೇ ನಿಂತುಬಿಟ್ಟಿತು. ನಮ್ಮ ಮನೆಯವರು ಸರಕು ಹಡಗಿನಲ್ಲಿ ಕೆಲಸ ಮಾಡುತ್ತಾರೆ. ವರ್ಷದಲ್ಲಿ ಏಳೆಂಟು ತಿಂಗಳು ಸಮುದ್ರದ ಮೇಲೇ. ನಾಲ್ಕು ದಿನ ಫೋನ್ ಬರದಿದ್ದರೆ ನನಗೆ ಊಟ ಸೇರುವುದಿಲ್ಲ. ಆ ಹೆಂಗಸು ಅಷ್ಟು ವರ್ಷ ಹೇಗೆ ಕಾದಳು? ಗಂಡ ಏನು ಮಾಡುತ್ತಿದ್ದಾನೆ ಅಂತ ಅವಳಿಗೆ ಗೊತ್ತಿತ್ತಾ? ದೋಚಿದ್ದರಲ್ಲಿ ಅವಳಿಗೂ ಪಾಲು ಸಿಕ್ಕಿತಾ? ಅವನನ್ನು ಗಲ್ಲಿಗೆ ಹಾಕಿದ ಮೇಲೆ ಅವಳ ಗತಿ ಏನಾಯಿತು?"

ನಮಸ್ಕಾರ.

ನಿಮ್ಮ ಕಾಗದ ಬಂದ ದಿನ ಆ ಸಂಚಿಕೆಯನ್ನು ಮತ್ತೆ ತೆಗೆದು ನೋಡಿದೆ. ನೀವು ಹೇಳಿದ್ದು ಸರಿ. ಇರುವುದು ಒಂದೇ ಸಾಲು. ಅದರಲ್ಲಿ ಅವಳ ಹೆಸರೂ ಇಲ್ಲ. ಹಾಗಾಗಬಾರದಿತ್ತು. ಅವಳ ಹೆಸರು ಸಾರಾ. ಕಡಲ್ಗಳ್ಳರ ಹೆಂಡಂದಿರಲ್ಲಿ ಇಷ್ಟೊಂದು ದಾಖಲೆ ಬಿಟ್ಟುಹೋದವರು ಕಡಿಮೆ. ಅದಕ್ಕೇ ನಿಮ್ಮ ಪ್ರಶ್ನೆಗಳಿಗೆ ಅವಳ ಕಥೆಯಿಂದಲೇ ಉತ್ತರ ಕೊಡುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಆದರೂ ಓದಿ.

ಸಾರಾ ಬ್ರಾಡ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವಳು. 1684ರಲ್ಲಿ ಅಪ್ಪ ಮತ್ತು ತಮ್ಮಂದಿರ ಜೊತೆ ನ್ಯೂಯಾರ್ಕಿಗೆ ಬಂದಳು. ಆಗಿನ ನ್ಯೂಯಾರ್ಕ್ ಅಂದರೆ ಮ್ಯಾನ್‌ಹ್ಯಾಟನ್ ದ್ವೀಪದ ತುದಿಯ ಒಂದು ಸಣ್ಣ ಬಂದರು. ಡಚ್ಚರಿಂದ ಇಂಗ್ಲಿಷರ ಕೈಗೆ ಬಂದು ಇಪ್ಪತ್ತೇ ವರ್ಷ ಆಗಿತ್ತು. ಮಾರನೇ ವರ್ಷ, ಇನ್ನೂ ಹುಡುಗಿಯಾಗಿದ್ದಾಗಲೇ, ವಿಲಿಯಂ ಕಾಕ್ಸ್ ಎಂಬ ಹಿಟ್ಟಿನ ವ್ಯಾಪಾರಿಯ ಜೊತೆ ಮದುವೆಯಾಯಿತು. ಕಾಕ್ಸ್ ಊರಿನ ಅನುಕೂಲಸ್ಥರಲ್ಲಿ ಒಬ್ಬ. 1689ರಲ್ಲಿ ಅವನು ನೀರಿಗೆ ಬಿದ್ದು ತೀರಿಕೊಂಡ. ಆಮೇಲೆ ಜಾನ್ ಊರ್ಟ್ ಎಂಬ ಇನ್ನೊಬ್ಬ ವ್ಯಾಪಾರಿ ಅವಳ ಕೈಹಿಡಿದ. ಅವನೂ 1691ರ ಮೇ ತಿಂಗಳಲ್ಲಿ ಸತ್ತ. ಅವನು ಸತ್ತ ಎರಡೇ ದಿನಕ್ಕೆ, ಮೇ 16ರಂದು, ಸಾರಾಳಿಗೂ ವಿಲಿಯಂ ಕಿಡ್‌ಗೂ ಮದುವೆಯ ಪರವಾನಗಿ ಸಿಕ್ಕಿತು.

ಈ ಎರಡು ದಿನದ ಲೆಕ್ಕ ಹಿಡಿದು ಜನ ಏನೇನೋ ಊಹೆ ಮಾಡಿದ್ದಾರೆ. ಊರ್ಟ್‌ನ ಸಾವಿನಲ್ಲಿ ಇವರಿಬ್ಬರ ಕೈವಾಡ ಇತ್ತು ಅಂತಲೂ ಗುಸುಗುಸು ಉಂಟು. ಅದಕ್ಕೆ ಪುರಾವೆ ಇಲ್ಲ, ಹಾಗಾಗಿ ನಾನು ಆ ಮಾತಿಗೆ ಹೋಗುವುದಿಲ್ಲ. ಅವಳ ಜಾಗದಲ್ಲಿ ನಿಂತು ಯೋಚಿಸಿದರೆ ನನಗೆ ಬೇರೊಂದು ವಿಷಯ ಕಾಣುತ್ತದೆ. ಇಂಗ್ಲಿಷರ ಕಾನೂನಿನಲ್ಲಿ ಮದುವೆಯಾದ ಹೆಂಗಸಿಗೆ ಸ್ವಂತ ಅಸ್ತಿತ್ವವೇ ಇರಲಿಲ್ಲ. ಗಂಡ ಹೆಂಡತಿ ಇಬ್ಬರೂ ಸೇರಿ ಒಬ್ಬರು, ಆ ಒಬ್ಬರು ಗಂಡ. ಅವಳ ಹಣ, ಪಾತ್ರೆ, ಒಡವೆ ಎಲ್ಲ ಅವನದು. ಈ ನಿಯಮಕ್ಕೆ ಕವರ್ಚರ್ ಅಂತ ಹೆಸರು. ಡಚ್ಚರ ಕಾಲದಲ್ಲಿ ಅದೇ ಊರಿನ ಹೆಂಗಸರು ತಮ್ಮ ಹೆಸರಿನಲ್ಲೇ ವ್ಯಾಪಾರ ಮಾಡಬಹುದಿತ್ತು, ಗಂಡನ ಜೊತೆ ಸೇರಿ ಉಯಿಲು ಬರೆಯಬಹುದಿತ್ತು. ಇಂಗ್ಲಿಷರು ಬಂದ ಮೇಲೆ ಅದು ಕರಗುತ್ತಾ ಹೋಯಿತು. ನಮ್ಮಲ್ಲಿ ತವರಿನಿಂದ ಬಂದದ್ದಕ್ಕೆ ಸ್ತ್ರೀಧನ ಅನ್ನುವ ಹೆಸರಾದರೂ ಇದೆ, ಅಲ್ವಾ? ಅವಳಿಗೆ ಅದೂ ಇರಲಿಲ್ಲ. ಚಿಕ್ಕ ವಯಸ್ಸಿನ ವಿಧವೆ. ಇಬ್ಬರು ಗಂಡಂದಿರ ಆಸ್ತಿಯ ತಕರಾರು ಬಗೆಹರಿದಿಲ್ಲ. ಓದು ಬರಹ ಇಲ್ಲ. ಅಂಥವಳಿಗೆ ಊರಿನಲ್ಲಿ ಗೌರವ ಇದ್ದ ಒಬ್ಬ ಕಪ್ತಾನ ಆಸರೆಯಾಗಿ ಕಂಡಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ?

ಓದು ಬರಹ ಇಲ್ಲ ಅಂದೆನಲ್ಲ, ಅದನ್ನು ನೆನಪಿಟ್ಟುಕೊಳ್ಳಿ. ಕಾಗದಗಳಿಗೆ ಅವಳು ಹಾಕುತ್ತಿದ್ದುದು ಹೆಸರಲ್ಲ, 'ಎಸ್' ಮತ್ತು 'ಕೆ' ಎಂಬ ಎರಡು ಅಕ್ಷರದ ಗುರುತು.

ಕಿಡ್ ಆಗ ಕಡಲ್ಗಳ್ಳ ಆಗಿರಲಿಲ್ಲ. ಸರ್ಕಾರದ ಅನುಮತಿ ಪಡೆದು ಶತ್ರುದೇಶದ ಹಡಗುಗಳನ್ನು ಹಿಡಿಯುವ ಕೆಲಸ ಅವನದು. ಪರ್ಲ್ ಸ್ಟ್ರೀಟಿನಲ್ಲಿ ಒಳ್ಳೆಯ ಮನೆ ಇತ್ತು. ಟರ್ಕಿಯ ಜಮಖಾನೆ, ಬೆಳ್ಳಿ ಪಾತ್ರೆ, ಗರಿ ತುಂಬಿದ ಹಾಸಿಗೆ ಎಲ್ಲ ಇತ್ತು. ಎಲಿಜಬೆತ್, ಸಾರಾ ಎಂಬ ಇಬ್ಬರು ಹೆಣ್ಣುಮಕ್ಕಳು. 1696ರಲ್ಲಿ ಊರವರು ಟ್ರಿನಿಟಿ ಚರ್ಚ್ ಕಟ್ಟಲು ಹೊರಟಾಗ ಭಾರ ಎತ್ತುವ ಹಗ್ಗ ಮತ್ತು ರಾಟೆ ಕೊಟ್ಟವನು ಕಿಡ್. ಪಕ್ಕದ ಮನೆಯವರು ಬೆಳಿಗ್ಗೆ ನಮಸ್ಕಾರ ಹೇಳುವಂಥ ಸಂಸಾರ ಅದು.

ಆ 1696ರ ಸೆಪ್ಟೆಂಬರಿನಲ್ಲಿ ಅವನು 34 ತೋಪುಗಳ 'ಅಡ್ವೆಂಚರ್ ಗ್ಯಾಲಿ' ಹಡಗಿನಲ್ಲಿ ಹೊರಟ. ಜೊತೆಗೆ ಸುಮಾರು 150 ಜನ. ಹಿಂದೂ ಮಹಾಸಾಗರದ ಕಡಲ್ಗಳ್ಳರನ್ನು ಹಿಡಿಯಬೇಕು, ಫ್ರೆಂಚರ ಹಡಗುಗಳನ್ನು ವಶಪಡಿಸಿಕೊಳ್ಳಬೇಕು, ಇದು ಅವನ ಕೈಯಲ್ಲಿದ್ದ ಸರ್ಕಾರಿ ಆದೇಶ. ದುಡ್ಡು ಹಾಕಿದವರಲ್ಲಿ ಲಾರ್ಡ್ ಬೆಲ್ಲೊಮಾಂಟ್ ಇದ್ದ. ಇವನೇ ಮುಂದೆ ನ್ಯೂಯಾರ್ಕ್ ಮತ್ತು ಮ್ಯಾಸಚುಸೆಟ್ಸಿನ ಗವರ್ನರ್ ಆದವನು. ಸಾರಾಳ ತಮ್ಮ ಸ್ಯಾಮ್ಯುಯೆಲ್ ಕೂಡ ಅದೇ ಹಡಗು ಹತ್ತಿದ. ಅಂದರೆ ಅವಳು ಕಾಯಬೇಕಾಗಿದ್ದು ಗಂಡನಿಗಾಗಿ ಮಾತ್ರ ಅಲ್ಲ.

ಆ ಹಡಗಿನ ಷರತ್ತು ಕೇಳಿ: ಕೊಳ್ಳೆ ಸಿಕ್ಕದಿದ್ದರೆ ಸಂಬಳ ಇಲ್ಲ. ಕಪ್ತಾನನ ಹೆಂಡತಿಗೆ ಮನೆ ಇತ್ತು, ಬೆಳ್ಳಿ ಇತ್ತು. ಸಾಮಾನ್ಯ ನಾವಿಕನ ಹೆಂಡತಿಗೆ? ನಿಮ್ಮ ಮನೆಯವರ ಸಂಬಳ ತಿಂಗಳಿಗೆ ಸರಿಯಾಗಿ ಬ್ಯಾಂಕಿಗೆ ಬೀಳುತ್ತದೆ. ಅವರಿಗೆ ಬೀಳುತ್ತಿದ್ದುದು ಬರೀ ಸಾಲ. ಬಾಡಿಗೆ ಸಾಲ, ಅಂಗಡಿ ಸಾಲ. ಬಟ್ಟೆ ಒಗೆದು, ಹೊಲಿದು, ಪರವೂರ ನಾವಿಕರಿಗೆ ಊಟ ಹಾಕಿ ದಿನ ದೂಡಬೇಕು. ಹೊರಡುವ ಮೊದಲು ಗಂಡಸರು ಹೆಂಡತಿಯ ಹೆಸರಿಗೆ ಮುಖ್ತಿಯಾರ್ ಪತ್ರ ಬರೆದುಕೊಡುವ ರೂಢಿ ಇತ್ತು. ಆ ಕಾಗದ ಇದ್ದರೆ ಅವಳು ಅವನ ಪರವಾಗಿ ಬಾಕಿ ವಸೂಲಿ ಮಾಡಬಹುದು, ಕೋರ್ಟಿಗೆ ಹೋಗಬಹುದು. ಇಲ್ಲದವಳ ಮಾತನ್ನು ಯಾರೂ ಕೇಳುತ್ತಿರಲಿಲ್ಲ.

ಹೀಗೆ ಕಾದು ಸಾಕಾಗಿ ದನಿ ಎತ್ತಿದವರೂ ಇದ್ದಾರೆ. 1694ರಲ್ಲಿ ಲಂಡನ್ನಿನ ಒಂದು ಕಂಪನಿ ತನ್ನ ಹಡಗುಗಳನ್ನು ಸ್ಪೇನಿನ ಬಂದರಿನಲ್ಲಿ ತಿಂಗಳುಗಟ್ಟಲೆ ಸುಮ್ನೆ ನಿಲ್ಲಿಸಿ, ನಾವಿಕರಿಗೆ ಸಂಬಳ ಕೊಡದೆ ಸತಾಯಿಸಿತು. ಆ ನಾವಿಕರ ಹೆಂಡಂದಿರು ಲಂಡನ್ನಿನಲ್ಲಿ ಒಟ್ಟಾಗಿ ಮನವಿ ಕೊಟ್ಟರು. ನಮ್ಮ ಗಂಡಂದಿರ ದುಡಿಮೆಯ ದುಡ್ಡು ಕೊಡಿ ಅಂತ. ಸಿಗಲಿಲ್ಲ. ಅದೇ ಸಂಬಳದ ಸಿಟ್ಟಿನಲ್ಲಿ ಹೆನ್ರಿ ಎವೆರಿ ಎಂಬವನು ಒಂದು ಹಡಗಿನ ಜನರನ್ನು ತನ್ನ ಕಡೆ ಮಾಡಿಕೊಂಡು, ಹಡಗನ್ನೇ ಎತ್ತಿಕೊಂಡು ಹೋಗಿ ಕಡಲ್ಗಳ್ಳನಾದ. ಅಲ್ಲಿಗೆ ಅವನ ಜೊತೆ ಹೋದವರ ಹೆಂಡಂದಿರು ಒಂದೇ ದಿನದಲ್ಲಿ ನಾವಿಕನ ಹೆಂಡತಿಯಿಂದ ಕಡಲ್ಗಳ್ಳನ ಹೆಂಡತಿ ಆಗಿಬಿಟ್ಟರು. ಅವರನ್ನು ಯಾರೂ ಕೇಳಿರಲಿಲ್ಲ.

ಎವೆರಿಯ ಕಥೆಯಲ್ಲಿ ಇನ್ನೊಂದು ಮುಖವೂ ಇದೆ, ಅದನ್ನು ಬಿಟ್ಟರೆ ಈ ಉತ್ತರ ಅರ್ಧ ಆಗುತ್ತದೆ. 1695ರಲ್ಲಿ ಅವನು ದೋಚಿದ್ದು ಔರಂಗಜೇಬನ 'ಗಂಜ್-ಇ-ಸವಾಯಿ' ಹಡಗನ್ನು. ಮೆಕ್ಕಾ ಯಾತ್ರೆ ಮುಗಿಸಿ ಸೂರತ್‌ಗೆ ಮರಳುತ್ತಿದ್ದ ಹಡಗು ಅದು. ಅದರಲ್ಲಿ ಹೆಂಗಸರಿದ್ದರು. ಮಾನ ಉಳಿಸಿಕೊಳ್ಳಲು ಕೆಲವರು ಸಮುದ್ರಕ್ಕೆ ಹಾರಿದರು, ಕೆಲವರು ಇರಿದುಕೊಂಡರು ಎಂದು ಇತಿಹಾಸಕಾರ ಖಾಫಿ ಖಾನ್ ಬರೆದಿದ್ದಾನೆ. ಕಿಡ್‌ನ ಜನರೂ ಕಡಿಮೆ ಇರಲಿಲ್ಲ. ಮಲಬಾರ್ ತೀರದ ಒಂದು ದ್ವೀಪದಲ್ಲಿ ಅಲ್ಲಿನವರು ಹಡಗಿನ ಪೀಪಾಯಿ ಕೆಲಸದವನನ್ನು ಕೊಂದರು. ಅದಕ್ಕೆ ಪ್ರತಿಯಾಗಿ ಇವರು ಮನೆಗಳಿಗೆ ಬೆಂಕಿ ಹಚ್ಚಿ, ಒಬ್ಬನನ್ನು ಮರಕ್ಕೆ ಕಟ್ಟಿ ಗುಂಡಿಟ್ಟರು ಎಂದು ಅವನದೇ ಹಡಗಿನವರು ಸಾಕ್ಷಿ ಹೇಳಿದ್ದಾರೆ. ನ್ಯೂಯಾರ್ಕಿನಲ್ಲಿ ಕಾಯುತ್ತಿದ್ದ ಹೆಂಡತಿಯ ಬಗ್ಗೆ ನಮಗೆ ಮರುಕ ಬರುತ್ತದೆ, ಬರಬೇಕು ಕೂಡ. ಸುಟ್ಟುಹೋದ ಆ ಮನೆಗಳಲ್ಲೂ ಹೆಂಡಂದಿರು ಇದ್ದರು. ಅವರಲ್ಲಿ ಒಬ್ಬಳ ಹೆಸರೂ ಉಳಿದಿಲ್ಲ.

ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ಅವಳಿಗೆ ಗೊತ್ತಿತ್ತಾ? ಹೊರಡುವಾಗ ಗೊತ್ತಿರಲು ಸಾಧ್ಯವೇ ಇಲ್ಲ, ಕಿಡ್‌ಗೇ ಗೊತ್ತಿರಲಿಲ್ಲ. ಅವನು ದಾರಿ ತಪ್ಪಿದ್ದು ನಮ್ಮ ಸಮುದ್ರಕ್ಕೆ ಬಂದ ಮೇಲೆ. 1697ರ ಸೆಪ್ಟೆಂಬರಿನಲ್ಲಿ ಸೌದೆ ನೀರಿಗಾಗಿ ಕಾರವಾರಕ್ಕೆ ಬಂದಾಗ ಅವನ ಹಡಗಿನಿಂದ ಕೆಲವರು ತಪ್ಪಿಸಿಕೊಂಡರು. ಅಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಕೋಠಿಗೆ, ಅಂದರೆ ವ್ಯಾಪಾರದ ಠಾಣೆಗೆ, ಹೋಗಿ, ಇವನ ಉದ್ದೇಶ ಸರಿಯಿಲ್ಲ ಅಂತ ಹೇಳಿಬಿಟ್ಟರು. ಕೋಠಿಯವರು ಅದನ್ನು ಬರೆದು ಮೇಲಕ್ಕೆ ಕಳಿಸಿದರು. 1698ರ ಜನವರಿ 30ರಂದು ಕೊಚ್ಚಿಯ ಹತ್ತಿರ ಕಿಡ್ 'ಕ್ವೆಡಾ ಮರ್ಚೆಂಟ್' ಹಡಗನ್ನು ಹಿಡಿದ. ರೇಷ್ಮೆ, ಮಲ್‌ಮಲ್, ಸಕ್ಕರೆ, ಅಫೀಮು ತುಂಬಿದ್ದ ಆ ಹಡಗಿನ ಸರಕು ಅರ್ಮೇನಿಯನ್ ವ್ಯಾಪಾರಿಗಳು ಸಾಗಿಸುತ್ತಿದ್ದದ್ದು. ಹಡಗಿನಲ್ಲಿ ಫ್ರೆಂಚ್ ರಹದಾರಿ ಇತ್ತು, ಹಾಗಾಗಿ ಇದು ಕಾನೂನಿನ ಪ್ರಕಾರವೇ ಅಂತ ಅವನ ವಾದ. ಕಂಪನಿ ಒಪ್ಪಲಿಲ್ಲ. 1698ರ ಕೊನೆಗೆ ಲಂಡನ್ನಿನಿಂದ ಅವನನ್ನು ಹಿಡಿಯುವ ಆಜ್ಞೆ ಹೊರಟಿತು. ಕಾರವಾರದಲ್ಲಿ ಬರೆದ ಕಾಗದಗಳ ಬಿಸಿ ಪರ್ಲ್ ಸ್ಟ್ರೀಟಿನ ಮನೆಗೆ ತಟ್ಟಿದ್ದು ಹಾಗೆ.

ಆ ಕಾಲದಲ್ಲಿ ಸುದ್ದಿ ಬರಲು ಇನ್ನೊಂದು ದಾರಿಯೂ ಇತ್ತು. ಮಡಗಾಸ್ಕರಿನ ಪಕ್ಕದ ಸೇಂಟ್ ಮೇರಿ ದ್ವೀಪ ಕಡಲ್ಗಳ್ಳರ ತಂಗುದಾಣ. ನ್ಯೂಯಾರ್ಕಿನ ದೊಡ್ಡ ವ್ಯಾಪಾರಿ ಫ್ರೆಡರಿಕ್ ಫಿಲಿಪ್ಸ್ ಅಲ್ಲಿಗೆ ಹಡಗು ಕಳಿಸುತ್ತಿದ್ದ. ಹೋಗುವಾಗ ರಮ್, ಬಟ್ಟೆ, ಮದ್ದುಗುಂಡು. ಬರುವಾಗ ಕೊಳ್ಳೆ ಮಾಲು, ಗುಲಾಮರು, ಊರಿಗೆ ಮರಳುವ ಕಡಲ್ಗಳ್ಳರು. ಅದೇ ಹಡಗುಗಳಲ್ಲಿ ಹೆಂಡಂದಿರ ಕಾಗದಗಳೂ ಹೋಗುತ್ತಿದ್ದವು. ಬರೆಯಲು ಬಾರದವರು ಯಾರ ಕೈಯಲ್ಲೋ ಬರೆಸುತ್ತಿದ್ದರು. ಮನೆಯ ಗುಟ್ಟನ್ನು ಪರರ ಬಾಯಿಂದ ಹೇಳಿಸಬೇಕು, ಅದು ತಲುಪಲು ತಿಂಗಳುಗಟ್ಟಲೆ ಕಾಯಬೇಕು.

ಸೇಂಟ್ ಮೇರಿಯ ವಿಷಯ ಬಂದಿದ್ದಕ್ಕೆ ಇನ್ನೊಂದು ಮಾತು. ಅಲ್ಲೂ ಕಡಲ್ಗಳ್ಳರಿಗೆ ಹೆಂಡಂದಿರಿದ್ದರು. ಮಲಗಾಸಿ ಹೆಂಗಸರು. ಅವರನ್ನು ಸುಮ್ನೆ 'ಇಟ್ಟುಕೊಂಡವರು' ಅಂತ ತಳ್ಳಿಹಾಕುವುದು ತಪ್ಪು. ಊರಿನ ಭಾಷೆ, ನೆಂಟಸ್ತಿಕೆ, ದನ ಅಕ್ಕಿಯ ವ್ಯಾಪಾರ ಎಲ್ಲ ಅವರ ಕೈಯಲ್ಲಿತ್ತು. ಹೊರಗಿನಿಂದ ಬಂದವನಿಗೆ ಅವರಿಲ್ಲದೆ ಒಂದು ಹೊತ್ತಿನ ಊಟ ಹುಟ್ಟುತ್ತಿರಲಿಲ್ಲ. ಅಂಥ ಒಬ್ಬ ಹೆಂಗಸು ರಹೆನಾ, ಮುಖಂಡರ ಮನೆತನದವಳು. ಇಂಗ್ಲಿಷ್ ಕಡಲ್ಗಳ್ಳನೊಬ್ಬನಿಂದ ಅವಳಿಗೆ ಹುಟ್ಟಿದ ಮಗ ರತ್ಸಿಮಿಲಾಹೊ ಬೆಳೆದು, ಮಡಗಾಸ್ಕರಿನ ಪೂರ್ವ ತೀರದ ಜನರನ್ನೆಲ್ಲ ಒಂದುಗೂಡಿಸಿ ಬೆಟ್ಸಿಮಿಸರಾಕ ರಾಜ್ಯ ಕಟ್ಟಿದ. ಅವನ ಮಗಳು ಬೇಟಿ 1750ರಲ್ಲಿ ಸೇಂಟ್ ಮೇರಿ ದ್ವೀಪವನ್ನು ಫ್ರೆಂಚರಿಗೆ ಬಿಟ್ಟುಕೊಟ್ಟವಳು. ಕಡಲ್ಗಳ್ಳರ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ಬರುವುದೇ ಇಲ್ಲ.

ಇನ್ನು ಮನೆಯಲ್ಲಿ ಉಳಿದ ಹೆಂಡಂದಿರ ಮೇಲೆ ಬಿದ್ದ ಅಪವಾದ. ಬಾರ್ಬಡೋಸ್ ದ್ವೀಪದ ಶ್ರೀಮಂತ ತೋಟದ ಮಾಲೀಕ ಸ್ಟೀಡ್ ಬಾನೆಟ್ 1717ರಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು, ಸ್ವಂತ ದುಡ್ಡಿನಲ್ಲಿ ಹಡಗು ಮಾಡಿಸಿಕೊಂಡು ಕಡಲ್ಗಳ್ಳನಾದ. ಮರುವರ್ಷವೇ ಅವನನ್ನು ಚಾರ್ಲ್ಸ್‌ಟನ್ನಿನಲ್ಲಿ ಗಲ್ಲಿಗೆ ಹಾಕಿದರು. ಯಾಕೆ ಹೀಗೆ ಮಾಡಿದ ಅಂತ ಆ ಕಾಲದವರು ಕೊಟ್ಟ ಕಾರಣ ಏನು ಗೊತ್ತಾ? ಹೆಂಡತಿಯ ಕಾಟ. ಮೇರಿ ಎಂಬ ಆ ಹೆಂಗಸು ಎಳೆ ಮಕ್ಕಳನ್ನು ಇಟ್ಟುಕೊಂಡು ಹಿಂದೆ ಉಳಿದಳು. ಅವಳ ಮಾತು ಎಲ್ಲೂ ದಾಖಲಾಗಿಲ್ಲ. ಆ ಅಪವಾದ ಮಾತ್ರ ಮುನ್ನೂರು ವರ್ಷದಿಂದ ಪುಸ್ತಕದಿಂದ ಪುಸ್ತಕಕ್ಕೆ ಹೋಗುತ್ತಿದೆ. ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಸಾರಾಳ ಕಡೆಗೆ ಮರಳೋಣ. 1699ರ ಜೂನಿನಲ್ಲಿ ಕಿಡ್ ಒಂದು ಸಣ್ಣ ಹಡಗಿನಲ್ಲಿ ಲಾಂಗ್ ಐಲೆಂಡಿನ ಹತ್ತಿರ ಬಂದ. ತಾನು ಕಡಲ್ಗಳ್ಳ ಅಂತ ಘೋಷಣೆಯಾದದ್ದು ಅವನಿಗೆ ದಾರಿಯಲ್ಲೇ ತಿಳಿದಿತ್ತು. ಊರಿನೊಳಗೆ ಬರುವ ಹಾಗಿಲ್ಲ. ವಕೀಲನಿಗೆ ಹೇಳಿಕಳಿಸಿದ, ಹೆಂಡತಿಗೂ ಹೇಳಿಕಳಿಸಿದ. ಸಾರಾ ಇಬ್ಬರು ಮಕ್ಕಳನ್ನು ಕರೆದುಕೊಂಡು ದೋಣಿಯಲ್ಲಿ ಬ್ಲಾಕ್ ಐಲೆಂಡಿಗೆ ಹೋಗಿ ಅವನನ್ನು ಸೇರಿಕೊಂಡಳು. ಸುಮಾರು ಮೂರು ವರ್ಷದ ಮೇಲೆ. ಮಕ್ಕಳಿಗೆ ಅಪ್ಪನ ಗುರುತು ಸಿಕ್ಕಿತೋ ಇಲ್ಲವೋ. ಅವಳಿಗೆ ಆ ದಿನ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ ಹೋದಳು. ಮನೆಯಲ್ಲಿ ಬಾಗಿಲು ಹಾಕಿಕೊಂಡು, ಇವನಿಗೂ ನನಗೂ ಸಂಬಂಧ ಇಲ್ಲ ಅನ್ನಬಹುದಿತ್ತು. ಅನ್ನಲಿಲ್ಲ.

ನೀನು ನಿರಪರಾಧಿಯಾದರೆ ಕ್ಷಮಾಪಣೆ ಸಿಗುತ್ತದೆ ಎಂಬರ್ಥದ ಕಾಗದ ಬೆಲ್ಲೊಮಾಂಟ್‌ನಿಂದ ಬಂದಿತ್ತು. ಅದನ್ನು ನಂಬಿ ಸಂಸಾರ ಸಮೇತ ಬಾಸ್ಟನ್ನಿಗೆ ಹೋದರು. ಡಂಕನ್ ಕ್ಯಾಂಪ್‌ಬೆಲ್ ಎಂಬವನ ಮನೆಯಲ್ಲಿ ಇಳಿದುಕೊಂಡರು. ಜುಲೈ 6ರಂದು ಬೆಲ್ಲೊಮಾಂಟ್ ಕಿಡ್‌ನನ್ನು ಬಂಧಿಸಿದ. ಇವನ ಯಾತ್ರೆಗೆ ದುಡ್ಡು ಹಾಕಿದ್ದ ಅದೇ ಬೆಲ್ಲೊಮಾಂಟ್. ಕಿಡ್ ಸಂಸಾರ ಇಳಿದುಕೊಂಡಿದ್ದ ಮನೆಗೂ ಅಧಿಕಾರಿಗಳು ನುಗ್ಗಿ ಪೆಟ್ಟಿಗೆಗಳನ್ನು ಹೊತ್ತೊಯ್ದರು.

ಇನ್ನು ಮುಂದಿನದು ಇಡೀ ಕಥೆಯಲ್ಲಿ ನನಗೆ ತುಂಬಾ ಮುಖ್ಯ ಅನಿಸಿದ ಭಾಗ. ಅದೇ ಜುಲೈನಲ್ಲಿ ಸಾರಾ ಗವರ್ನರನಿಗೆ ಒಂದು ಅರ್ಜಿ ಕೊಟ್ಟಳು. ಹೊತ್ತೊಯ್ದ ಪೆಟ್ಟಿಗೆಯಲ್ಲಿ ನನ್ನ ಬೆಳ್ಳಿ ಲೋಟ, ಬೆಳ್ಳಿ ಬಟ್ಟಲು, ಚಮಚ, ಫೋರ್ಕುಗಳು ಇವೆ. 260 ಬೆಳ್ಳಿ ನಾಣ್ಯ ಇದೆ. ಇವನ್ನು ನಾನು ನ್ಯೂಯಾರ್ಕಿನಿಂದ ತಂದದ್ದು, ನನ್ನ ಸ್ವಂತದ್ದು. ಅದರ ಜೊತೆ ನನ್ನ ಕೆಲಸದ ಹುಡುಗಿಗೆ ಸೇರಿದ 25 ಇಂಗ್ಲಿಷ್ ಕ್ರೌನ್ ನಾಣ್ಯಗಳೂ ಇವೆ. ಅವನ್ನೂ ಕೊಡಿಸಿ. ಇದು ಅರ್ಜಿಯ ಸಾರ. ಕೆಳಗೆ ಅವಳ ಎರಡಕ್ಷರದ ಗುರುತು.

ಇಡೀ ಬಾಸ್ಟನ್ ಚಿನ್ನದ ಗಟ್ಟಿ, ಹೂತಿಟ್ಟ ನಿಧಿ ಅಂತ ಬಾಯಿ ಬಿಟ್ಟುಕೊಂಡು ಕೂತಿದ್ದಾಗ ಅವಳು ಚಮಚದ ಲೆಕ್ಕ ಕೊಡುತ್ತಿದ್ದಳು. ಗಂಡ ಜೈಲಿನಲ್ಲಿ, ಊರು ಪರವೂರು, ಮಡಿಲಲ್ಲಿ ಮಕ್ಕಳು. ಅಂಥ ಹೊತ್ತಿನಲ್ಲೂ ಕೆಲಸದವಳ ದುಡ್ಡನ್ನು ಮರೆಯಲಿಲ್ಲ. ಇನ್ನೊಂದು ಸೂಕ್ಷ್ಮ ಗಮನಿಸಿ. ಮದುವೆಯಾದ ಹೆಂಗಸಿಗೆ ಸ್ವಂತದ್ದು ಅಂತ ಏನೂ ಇಲ್ಲ ಎನ್ನುವ ಕಾನೂನಿನ ಕೆಳಗೆ ನಿಂತು, ಇದು ನನ್ನದು ಅಂತ ಬರೆಸಿದಳು. ಗೆದ್ದಳು ಕೂಡ. ನ್ಯೂಯಾರ್ಕಿನಿಂದ ತಂದದ್ದು ಅಂತ ಪ್ರಮಾಣ ಮಾಡಿದರೆ ವಾಪಸ್ ಕೊಡಬಹುದು ಎಂದು ಗವರ್ನರನ ಮಂಡಳಿ ಸಲಹೆ ಕೊಟ್ಟಿತು. ಜೈಲಿನಲ್ಲಿ ಗಂಡನನ್ನು ನೋಡಲು, ಅವನಿಗೆ ಬೇಕಾದ್ದನ್ನು ಕೊಡಲು ಬಿಡಿ ಅಂತ ಇನ್ನೊಂದು ಅರ್ಜಿಯನ್ನೂ ಹಾಕಿದಳು.

ಹಾಗಂತ ಅವಳನ್ನು ಏನೂ ಅರಿಯದ ಪಾಪದವಳು ಅಂತ ನಾನು ಹೇಳುತ್ತಿಲ್ಲ. ಕೊಳ್ಳೆಯಲ್ಲಿ ಪಾಲು ಇತ್ತಾ ಅಂತ ಕೇಳಿದ್ದೀರಿ. ಕಿಡ್ ಬರುವ ದಾರಿಯಲ್ಲಿ ಗಾರ್ಡಿನರ್ಸ್ ದ್ವೀಪದಲ್ಲಿ ಒಂದಷ್ಟು ಚಿನ್ನ ಬೆಳ್ಳಿ ಹೂತಿಟ್ಟಿದ್ದ, ಅದನ್ನು ಸರ್ಕಾರ ಅಗೆಸಿ ತೆಗೆಯಿತು. ಒಂದಷ್ಟನ್ನು ಪರಿಚಯದವರಲ್ಲಿ ಇಟ್ಟಿದ್ದ. ಅರ್ಜಿ ಕೊಟ್ಟ ಅದೇ ದಿನಗಳಲ್ಲಿ ಸಾರಾ ರೋಡ್ ಐಲೆಂಡಿನ ಕ್ಯಾಪ್ಟನ್ ಪೇನ್ ಎಂಬವನಿಗೆ ಗುಟ್ಟಾಗಿ ಚೀಟಿ ಬರೆಸಿ ಕಳಿಸಿದಳು. ನಂಬಿಕೆಯ ಆಳಿನ ಕೈಯಲ್ಲಿ 24 ಔನ್ಸ್ ಚಿನ್ನ ಕೊಟ್ಟು ಕಳಿಸಿ, ಉಳಿದದ್ದನ್ನು ನಿಮ್ಮಲ್ಲೇ ಇಟ್ಟುಕೊಂಡಿರಿ, ಕಷ್ಟಕಾಲಕ್ಕೆ ನಮಗಿರುವುದು ಅದೊಂದೇ, ಅಂತ. ಅದಕ್ಕೂ ಅದೇ 'ಎಸ್ ಕೆ' ಗುರುತು. ಆ ಚಿನ್ನ ನಮ್ಮ ಕಡೆಯ ಸಮುದ್ರದಿಂದ ಹೋದದ್ದು, ಯಾರದೋ ಬೆವರಿನದು. ಅದು ಅವಳಿಗೆ ಗೊತ್ತಿರಲೇಬೇಕು. ಮಕ್ಕಳ ಮುಖ ನೋಡಿ ಕೇಳಿದಳು ಅನ್ನುವುದೂ ನಿಜ. ಎರಡೂ ನಿಜವೇ.

1700ರ ಫೆಬ್ರುವರಿಯಲ್ಲಿ ಕಿಡ್‌ನನ್ನು ಲಂಡನ್ನಿಗೆ ಸಾಗಿಸಿದರು. ಆಮೇಲೆ ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಲಿಲ್ಲ. 1701ರ ಮೇ ತಿಂಗಳಲ್ಲಿ ಎರಡು ದಿನದ ವಿಚಾರಣೆ ನಡೆಯಿತು. ಅವನು ನೆಚ್ಚಿಕೊಂಡಿದ್ದ ಫ್ರೆಂಚ್ ರಹದಾರಿಗಳು ಕೋರ್ಟಿಗೆ ಬರಲೇ ಇಲ್ಲ. ಎರಡು ಶತಮಾನ ಕಳೆದ ಮೇಲೆ ಸರ್ಕಾರದ ಕಡತಗಳಲ್ಲೇ ಸಿಕ್ಕವು. ಮೇ 23ರಂದು ಥೇಮ್ಸ್ ದಡದಲ್ಲಿ ಗಲ್ಲಿಗೆ ಹಾಕಿದಾಗ ಮೊದಲ ಸಲ ಹಗ್ಗ ತುಂಡಾಯಿತು. ಎರಡನೇ ಸಲ ಹಾಕಿದರು. ಹೆಣವನ್ನು ನದಿಯ ಬದಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ತೂಗುಹಾಕಿದರು. ಸಾಯುವ ಮೊದಲು ಅವನನ್ನು ಜಾಸ್ತಿ ಕಾಡಿದ್ದು, ಈ ಅವಮಾನದ ಸುದ್ದಿ ಕೇಳಿ ಹೆಂಡತಿಗೆ ಆಗುವ ದುಃಖ ಅಂತ ಆಗಿನ ಒಂದು ವರದಿ ಹೇಳುತ್ತದೆ. ಅವನಿಂದ ಕಿತ್ತುಕೊಂಡ ಮಾಲು ಮಾರಿ ಬಂದ ಆರು ಸಾವಿರ ಪೌಂಡಿಗೂ ಹೆಚ್ಚು ಹಣ ಗ್ರೀನ್‌ವಿಚ್ಚಿನ ನಾವಿಕರ ಆಸ್ಪತ್ರೆಗೆ ಹೋಯಿತು. ಮಾಲು ಕಳೆದುಕೊಂಡ ವ್ಯಾಪಾರಿಗಳಿಗೂ ಇಲ್ಲ, ಸಾರಾಳಿಗೂ ಇಲ್ಲ.

ಸಾರಾಳಂತೆ ಅರ್ಜಿ ಹಿಡಿದು ನಿಂತವರು ಆಮೇಲೂ ಬಂದರು. 1709ರಲ್ಲಿ ಮಡಗಾಸ್ಕರಿನ ಕಡಲ್ಗಳ್ಳರ ಹೆಂಡಂದಿರು ಮತ್ತು ನೆಂಟರು, ನಲವತ್ತಕ್ಕೂ ಹೆಚ್ಚು ಜನ, ರಾಣಿ ಆನ್‌ಗೆ ಮನವಿ ಸಲ್ಲಿಸಿದರು. ನಮ್ಮವರನ್ನು ಕ್ಷಮಿಸಿ ಮನೆಗೆ ಬರಲು ಬಿಡಿ ಎಂದು. ಅದರ ಹಿಂದೆ, ಕೊಳ್ಳೆಯ ಹಣ ಇಂಗ್ಲೆಂಡಿಗೆ ಬರಲಿ ಅನ್ನುವ ದೊಡ್ಡವರ ಲೆಕ್ಕಾಚಾರವೂ ಇತ್ತು. ಹೆಂಗಸರು ಕೇಳಿದ್ದು ಮಾತ್ರ ಮನೆಯ ಯಜಮಾನನನ್ನು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಸಾರಾ ನ್ಯೂಯಾರ್ಕಿಗೆ ಮರಳಿದಳು. ಆ ಊರಿನಲ್ಲೇ, ಎಲ್ಲರಿಗೂ ಗೊತ್ತಿರುವ ಕಡಲ್ಗಳ್ಳನ ವಿಧವೆಯಾಗಿ, ಹೆಣ್ಣುಮಕ್ಕಳನ್ನು ಸಾಕಿದಳು. 1703ರಲ್ಲಿ ಕ್ರಿಸ್ಟಫರ್ ರೌಸ್ಬಿ ಎಂಬವನನ್ನು ಮದುವೆಯಾದಳು. ಅದು ನಾಲ್ಕನೇ ಮದುವೆ. ಅವನಿಂದಲೂ ಮಕ್ಕಳಾದವು. ಅವಳು ತೀರಿಕೊಂಡದ್ದು 1744ರಲ್ಲಿ. ಕಿಡ್ ಸತ್ತ ಮೇಲೆ 43 ವರ್ಷ ಬದುಕಿದ್ದಳು. ಅವನ ಜೊತೆ ಒಂದೇ ಸೂರಿನ ಕೆಳಗೆ ಕಳೆದದ್ದು ಎಲ್ಲ ಸೇರಿ ಐದಾರು ವರ್ಷ ಇರಬಹುದು.

ನಿಮ್ಮ ಕಾಗದದ ಕೊನೆಯಲ್ಲಿ, ಕಾಯುವುದರ ಬಗ್ಗೆ ನೀವೇ ಏನೋ ಬರೆದಿಟ್ಟುಕೊಂಡಿದ್ದೀರಿ ಅಂತಲೂ ಹೇಳಿದ್ದೀರಿ. ತಿದ್ದುತ್ತಾ ಕೂರಬೇಡಿ, ಇದ್ದ ಹಾಗೇ ಕಳಿಸಿ. ಹೆಸರು ಹಾಕುವುದು ಬಿಡುವುದು ನಿಮ್ಮ ಇಷ್ಟ. ಮಳೆಗಾಲ ಮುಗಿಯುವುದರೊಳಗೆ ಬಂದರೆ ದೀಪಾವಳಿ ಸಂಚಿಕೆಗೆ ತೆಗೆದುಕೊಳ್ಳುತ್ತೇವೆ.

— ಸಂಪಾದಕ